ಸೊನ್ನೆಯೋ ಅನುಸ್ವಾರವೋ? ಬಣ್ಣ ಹೇಳುತ್ತದೆ

ವೈಜಾಪುರದ ಪೇಟೆಯಲ್ಲಿ ಅಂಗಡಿ ಬೋರ್ಡು, ಬಸ್ ಫಲಕ, ಮದುವೆ ಬ್ಯಾನರ್ ಎಲ್ಲವೂ ಮರಾಠಿ. ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ನಡುವಿನ ಈ ಊರಿನಲ್ಲಿ ಕನ್ನಡಿಗರ ಮಗುವಿಗೆ ಕನ್ನಡ ಅಕ್ಷರ ಕಣ್ಣಿಗೆ ಬೀಳುವುದು ಮನೆಯೊಳಗೆ ಮಾತ್ರ. ಧಾರವಾಡದಲ್ಲೋ ಮಂಡ್ಯದಲ್ಲೋ ಪುಸ್ತಕದಲ್ಲಿ ಒಂದು ಅಕ್ಷರ ತಪ್ಪಾಗಿ ಅಚ್ಚಾದರೆ ಚಿಂತೆಯಿಲ್ಲ. ರಸ್ತೆಗಿಳಿದರೆ ಹತ್ತು ಬೋರ್ಡುಗಳು ಮಗುವನ್ನು ತಿದ್ದುತ್ತವೆ. ಇಲ್ಲಿ ತಿದ್ದುವವರು ಯಾರೂ ಇಲ್ಲ. ಕೈಗೆ ಕೊಟ್ಟ ಪುಸ್ತಕದಲ್ಲಿ ಏನಿದೆಯೋ ಅದೇ ಕನ್ನಡ.

ಹೀಗಾಗಿ ನಮ್ಮ ನಾಲ್ಕೈದು ಮನೆಯವರು ಸೇರಿ ಮಕ್ಕಳಿಗೆಂದು ಕನ್ನಡ–ಮರಾಠಿ ಪದಪುಸ್ತಕ ಮಾಡಲು ಹೊರಟಾಗ, ಕರಡು ತಿದ್ದುವ ಕೆಲಸವೇ ದೊಡ್ಡದಾಯಿತು. ಗಣಿತ ಪಾಠ ಮಾಡುವವನಾದ್ದರಿಂದ ನನಗೆ ಲೇಟೆಕ್ ರೂಢಿ. ಪುಟ ಜೋಡಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ಆ ಕೆಲಸದಲ್ಲಿ ಅತಿ ಹೆಚ್ಚು ನೆರವಾದದ್ದು ಫಾಂಟೂ ಅಲ್ಲ, ಪ್ರಿಂಟರೂ ಅಲ್ಲ. ಎಡಿಟರಿನಲ್ಲಿ ಯಾವ ಅಕ್ಷರ ಹೇಗೆ ಕಾಣಬೇಕು ಎಂದು ನಾವೇ ಬರೆದುಕೊಂಡ ಐದಾರು ಸಾಲಿನ ನಿಯಮಗಳು. ಊರು ಬಿಟ್ಟು ಬಂದು ಕನ್ನಡದಲ್ಲಿ ಏನಾದರೂ ಅಚ್ಚು ಹಾಕಿಸುವ ಎಲ್ಲರಿಗೂ ಇವು ಉಪಯೋಗಕ್ಕೆ ಬಂದಾವು.

ಬರೆಯುವುದು ಒಂದು, ಕಾಣುವುದು ಒಂದು

ಡೊನಾಲ್ಡ್ ಕನೂತ್ 1978ರಲ್ಲಿ ಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಹೊರತಂದರು. ಅದರ ಮೇಲೆ 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ್ದು ಲೇಟೆಕ್. ವರ್ಡ್‌ನಲ್ಲಿರುವಂತೆ ಇಲ್ಲಿ ಪುಟ ಕಣ್ಣೆದುರೇ ಮೂಡುವುದಿಲ್ಲ. ಸಾದಾ ಬರಹದ ಕಡತದಲ್ಲಿ, ಹಿಂದಕ್ಕೆ ವಾಲಿದ ಗೀಟು ಹಾಕಿ ಆಜ್ಞೆ ಬರೆಯುತ್ತೇವೆ: ಇದು ಶೀರ್ಷಿಕೆ, ಇದು ದಪ್ಪಕ್ಷರ, ಇದು ಕೋಷ್ಟಕ. ತಂತ್ರಾಂಶ ಅದನ್ನು ಓದಿ ಪಿಡಿಎಫ್ ಮಾಡಿಕೊಡುತ್ತದೆ. ಮೊದಲೆಲ್ಲ ಕನ್ನಡವನ್ನು ರೋಮನ್ ಅಕ್ಷರದಲ್ಲಿ ಬರೆದು, ನಡುವೆ ಇನ್ನೊಂದು ತಂತ್ರಾಂಶಕ್ಕೆ ಹಾಯಿಸಬೇಕಿತ್ತು. 2004ರಲ್ಲಿ ಜೊನಾಥನ್ ಕ್ಯೂ ಅವರ ಝೀಟೆಕ್ ಬಂದ ಮೇಲೆ ಯೂನಿಕೋಡ್ ಕನ್ನಡವನ್ನು ನೇರವಾಗಿ ಬರೆಯಬಹುದಾಯಿತು. ಪಾಲಿಗ್ಲಾಸಿಯಾ ಎಂಬ ಪೊಟ್ಟಣದಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಒಂದೇ ಪುಟದಲ್ಲಿ ಎರಡನ್ನೂ ಕೂರಿಸಬಹುದು.

ಆದರೆ ಕಡತ ತೆರೆದರೆ ಕಣ್ಣು ಕತ್ತಲಿಡುತ್ತದೆ. ಉಳ್ಳಾಗಡ್ಡಿ ಎಂಬ ಒಂದು ಪದ, ಅದರ ಪಕ್ಕ ದೇವನಾಗರಿಯಲ್ಲಿ ಕಾಂದಾ, ಸುತ್ತ ಇಂಗ್ಲಿಷ್ ಆಜ್ಞೆಗಳು, ಪುಷ್ಪಾವರಣಗಳು. ಮೂರು ಲಿಪಿಗಳ ಸಂತೆ. ಈ ಸಂತೆಯಲ್ಲಿ ಯಾವುದು ಮುಖ್ಯ, ಯಾವುದು ಗೌಣ ಎಂದು ತೋರಿಸುವುದೇ ಎಡಿಟರಿನ ಬಣ್ಣದ ನಿಯಮಗಳ ಕೆಲಸ. ನಾನು ಬಳಸುವ ವಿಮ್ 1991ರಲ್ಲಿ ಬ್ರಾಮ್ ಮೋಲೆನಾರ್ ಬಿಡುಗಡೆ ಮಾಡಿದ್ದು. ಬಣ್ಣ ಹಚ್ಚುವ ಸೌಲಭ್ಯ ಅದಕ್ಕೆ ಬಂದದ್ದು 1998ರ 5.0 ಆವೃತ್ತಿಯಲ್ಲಿ. 2010ರ 7.3 ಆವೃತ್ತಿಯಲ್ಲಿ 'ಕನ್ಸೀಲ್' ಸೇರಿತು. ಅಂದರೆ ಬೇಡವಾದ ಚಿಹ್ನೆಯನ್ನು ಪರದೆಯಲ್ಲಿ ಮರೆಮಾಡುವುದು, ಇಲ್ಲವೇ ಅದರ ಜಾಗದಲ್ಲಿ ಇನ್ನೊಂದು ಚಿಹ್ನೆ ತೋರಿಸುವುದು. ಗಣಿತದವರಿಗೆ ಇದು ವರ. ಆಲ್ಫಾ ಎಂದು ಬರೆದ ಆಜ್ಞೆಯ ಜಾಗದಲ್ಲಿ ಆ ಗ್ರೀಕ್ ಅಕ್ಷರವೇ ಕಾಣುತ್ತದೆ. ಕರ್ಸರ್ ಆ ಸಾಲಿಗೆ ಬಂದರೆ ಮತ್ತೆ ಮೂಲ ಆಜ್ಞೆ ಕಾಣುವಂತೆ ಇಟ್ಟುಕೊಳ್ಳಬಹುದು. ನೆನಪಿಡಬೇಕಾದದ್ದು ಇಷ್ಟೇ: ಕಡತದಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಬದಲಾಗುವುದು ನಮಗೆ ಕಾಣುವ ರೀತಿ ಮಾತ್ರ.

ಬೆಂಡೆಕಾಯಿಯ ಸೊನ್ನೆ

ಕನ್ನಡದ ಅನುಸ್ವಾರ ಮತ್ತು ಕನ್ನಡ ಅಂಕಿಯ ಸೊನ್ನೆ ನೋಡಲು ಅವಳಿ ಜವಳಿ. ಯೂನಿಕೋಡ್‌ಗೆ ಮಾತ್ರ ಅವು ಬೇರೆ ಬೇರೆ ಅಕ್ಷರ. ಹಲವರು ಬರೆದು ಕಳಿಸಿದ, ಹಳೆಯ ಫಾಂಟಿನಿಂದ ಪರಿವರ್ತಿಸಿದ ಪಟ್ಟಿಗಳನ್ನು ಒಟ್ಟು ಮಾಡಿದಾಗ 'ಬೆಂಡೆಕಾಯಿ' ಕೆಲವು ಕಡೆ ಅನುಸ್ವಾರದಲ್ಲೂ ಕೆಲವು ಕಡೆ ಸೊನ್ನೆಯಲ್ಲೂ ಇತ್ತು. ಅಚ್ಚಿನಲ್ಲಿ ವ್ಯತ್ಯಾಸ ತಿಳಿಯುವುದೇ ಕಷ್ಟ. ಹಾಗಾದರೆ ಬಿಡಿ ಎನ್ನುವಂತಿಲ್ಲ. ಅಕ್ಷರಗಳ ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಪಟ್ಟಿ ಜೋಡಿಸಿದರೆ ಅನುಸ್ವಾರದ ಬೆಂಡೆಕಾಯಿ 'ಬೆ' ಪದಗಳ ಮೊದಲಿಗೆ ಬರುತ್ತದೆ, ಸೊನ್ನೆಯ ಬೆ೦ಡೆಕಾಯಿ ಕೊನೆಗೆ ಹೋಗಿ ಕೂರುತ್ತದೆ. ಪಿಡಿಎಫ್‌ನಲ್ಲಿ ಹುಡುಕಿದ ಮಗುವಿಗೆ ಪದವೇ ಸಿಗುವುದಿಲ್ಲ. ಫೋನಿಗೆ ಗಟ್ಟಿಯಾಗಿ ಓದು ಎಂದರೆ ಅದು ತೊದಲುತ್ತದೆ.

ಇದಕ್ಕೆ ಒಂದೇ ನಿಯಮ ಸಾಕು: ಕನ್ನಡ ಅಕ್ಷರದ ಬೆನ್ನಿಗೇ ಕನ್ನಡ ಸೊನ್ನೆ ಬಂದರೆ ಅದಕ್ಕೆ ಕೆಂಪು ಹಿನ್ನೆಲೆ. ಹತ್ತು, ನೂರು ಎಂದು ಅಂಕಿಯಲ್ಲಿ ಬರೆದ ಕಡೆ ಸೊನ್ನೆಯ ಹಿಂದೆ ಅಂಕಿಯೇ ಇರುತ್ತದೆ. ಅದನ್ನು ನಿಯಮ ಮುಟ್ಟುವುದಿಲ್ಲ. ಇದರ ಕನ್ನಡಿ ನಿಯಮ ಇನ್ನೊಂದು: ಅಂಕಿಯ ಬೆನ್ನಿಗೆ ಅನುಸ್ವಾರ ಬಂದರೂ ಕೆಂಪು. ಕಣ್ಣಲ್ಲಿ ಕಣ್ಣಿಟ್ಟು ದಿನವಿಡೀ ಓದಿದರೂ ಸಿಗದ ಅಕ್ಷರಗಳು ಒಂದೇ ನೋಟಕ್ಕೆ ಕೆಂಪಗೆ ಎದ್ದು ನಿಂತವು.

ಕಾಣದ ಅಕ್ಷರಗಳು

ಕನ್ನಡ ಬರಹದಲ್ಲಿ ಅಗಲವೇ ಇಲ್ಲದ ಎರಡು ಅಕ್ಷರಗಳು ಓಡಾಡುತ್ತವೆ. ಒಂದು ಒತ್ತಕ್ಷರ ಆಗದಂತೆ ತಡೆಯುತ್ತದೆ. ಅದಿದ್ದರೆ 'ರಾಜ್‌ಕುಮಾರ್', ಇಲ್ಲದಿದ್ದರೆ 'ರಾಜ್ಕುಮಾರ್'. ಇನ್ನೊಂದು ಅರ್ಕಾವತ್ತನ್ನು ತಡೆಯುತ್ತದೆ. 'ರ‍್ಯಾಂಕ್' ಎಂದು ರಕಾರವನ್ನು ಪೂರ್ತಿ ಬರೆದು ಕೆಳಗೆ ಯ ಒತ್ತು ಕೊಡಬೇಕಾದರೆ ಅದು ಬೇಕೇ ಬೇಕು.

ನಮಗೆ 'ಸೂರ್ಯ' ಎಂದರೂ 'ಸೂರ‍್ಯ' ಎಂದರೂ ಓದು ಒಂದೇ. ಮರಾಠಿಯಲ್ಲಿ ಹಾಗಲ್ಲ. ಅಲ್ಲಿ ರೇಫ ಹಾಕಿದ 'ಆಚಾರ್ಯಾಸ' ಎಂದರೆ ಗುರುವಿಗೆ. ರೆಪ್ಪೆಯಂಥ ಅರ್ಧ ರಕಾರ ಹಾಕಿದ 'ಆಚಾರ‍್ಯಾಸ' ಎಂದರೆ ಅಡುಗೆಯವನಿಗೆ. 'ದರ್ಯಾ' ಸಮುದ್ರ, 'ದರ‍್ಯಾ' ಕಣಿವೆಗಳು. ಶಾಲೆಯಲ್ಲಿ ಮರಾಠಿ ಕಲಿಯುವ ನಮ್ಮ ಮಕ್ಕಳಿಗೆ ಈ ಭೇದ ಚೆನ್ನಾಗಿ ಗೊತ್ತು. ಅದೇ ಕಣ್ಣಿಂದ ಕನ್ನಡ ನೋಡುವ ಮಗು ಎರಡು ರೂಪ ಕಂಡರೆ ಎರಡು ಅರ್ಥ ಹುಡುಕುತ್ತದೆ. ಆದ್ದರಿಂದ ಪುಸ್ತಕದುದ್ದಕ್ಕೂ ಒಂದು ಪದಕ್ಕೆ ಒಂದೇ ರೂಪ ಎಂದು ತೀರ್ಮಾನಿಸಿದೆವು. ತೀರ್ಮಾನ ಪಾಲಿಸಲು, ಕಾಣದ ಅಕ್ಷರ ಕಾಣಬೇಕು.

ವಿಮ್ ಒತ್ತು ತಡೆಯುವ ಅಕ್ಷರವನ್ನು ಕೋನಾವರಣದಲ್ಲಿ 200ಸಿ ಎಂದು ತೋರಿಸುತ್ತದೆ. ಸುಳಿವೇನೋ ಸಿಕ್ಕಿತು, ಆದರೆ ಪದ ಹರಿದುಹೋಯಿತು. ಕನ್ಸೀಲ್ ನಿಯಮ ಬರೆದು ಅದರ ಜಾಗದಲ್ಲಿ ಒಂದು ಸಣ್ಣ ಚುಕ್ಕಿ ಇಟ್ಟರೆ ಓದಲೂ ಆಗುತ್ತದೆ, ಎಲ್ಲಿದೆ ಎಂದೂ ತಿಳಿಯುತ್ತದೆ.

ನಿಯಮ ಎಲ್ಲಿ ಬರೆಯಬೇಕು?

ವಿಮ್ ಜೊತೆಗೇ ಬರುವ ಲೇಟೆಕ್ ನಿಯಮಗಳ ಕಡತಕ್ಕೆ ಕೈ ಹಾಕಬೇಡಿ. ಹೊಸ ಆವೃತ್ತಿ ಹಾಕಿಕೊಂಡ ದಿನ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ನಿಮ್ಮ ಸ್ವಂತ ಫೋಲ್ಡರಿನಲ್ಲಿ 'ಆಫ್ಟರ್' ಎಂಬ ಉಪಫೋಲ್ಡರ್ ಮಾಡಿ ಅಲ್ಲಿ ಬರೆದರೆ, ಮೂಲ ನಿಯಮಗಳೆಲ್ಲ ಮುಗಿದ ಮೇಲೆ ನಿಮ್ಮದು ಜಾರಿಗೆ ಬರುತ್ತದೆ. ಇನ್ನೊಂದು ಸೂಕ್ಷ್ಮ: ಬರಿಯ ನಿಯಮ ಬರೆದರೆ ಅದು ಪಠ್ಯದಲ್ಲಿ ಕೆಲಸ ಮಾಡಿ, ಶೀರ್ಷಿಕೆಯ ಅಥವಾ ಆವರಣದ ಒಳಗೆ ಸುಮ್ಮನಾಗಬಹುದು. ಇತರ ನಿಯಮಗಳ ಒಳಗೂ ಇದು ಅನ್ವಯಿಸಲಿ ಎಂದು 'ಕಂಟೇನ್ಡ್‌ಇನ್' ಮೂಲಕ ಹೇಳಬೇಕು.

ವಿಮ್ ಪ್ರತಿ ಅಕ್ಷರವನ್ನೂ ಚೌಕದ ಮನೆಯಲ್ಲಿ ಕೂರಿಸುವುದರಿಂದ ಕನ್ನಡದ ಒತ್ತುಗಳು ಅದರಲ್ಲಿ ಅಂದವಾಗಿ ಕಾಣುವುದಿಲ್ಲ. ಅಂದ ಬೇಕೆಂದವರಿಗೆ ವಿಎಸ್ ಕೋಡ್ ಸುಲಭ. ಯಾವ ಭಾಗಕ್ಕೆ ಯಾವ ಬಣ್ಣ ಎಂದು ಅದರ ಸೆಟ್ಟಿಂಗ್ಸ್‌ನಲ್ಲೇ ಬರೆಯಬಹುದು. ಕಾಣದ ಅಕ್ಷರಗಳನ್ನು ಎತ್ತಿ ತೋರಿಸುವ ವ್ಯವಸ್ಥೆಯೂ ಅದರಲ್ಲಿದೆ.

ಬಣ್ಣದಲ್ಲಿ ಜಿಪುಣತನ ಇರಲಿ. ನಮ್ಮಲ್ಲಿ ಕನ್ನಡಕ್ಕೆ ಬಣ್ಣವೇ ಇಲ್ಲ, ಅಚ್ಚ ಕಪ್ಪು. ದೇವನಾಗರಿ ನೀಲಿ, ಆಜ್ಞೆಗಳು ಬೂದು, ಅನುಮಾನದ ಜಾಗ ಮಾತ್ರ ಕೆಂಪು. ಕರಡು ನೋಡುವವರಲ್ಲಿ ಒಬ್ಬರಿಗೆ ಕೆಂಪು–ಹಸಿರು ಭೇದ ತಿಳಿಯದ್ದರಿಂದ ಕೆಂಪಿನ ಜೊತೆ ಅಡಿಗೆರೆಯನ್ನೂ ಸೇರಿಸಿದೆವು. ಟಿಪ್ಪಣಿಗಳ ಬಣ್ಣ ಮಾತ್ರ ಎದ್ದು ಕಾಣಲಿ. ಲೇಟೆಕ್‌ನಲ್ಲಿ ಶೇಕಡಾ ಚಿಹ್ನೆ ಹಾಕಿದರೆ ಸಾಲಿನ ಉಳಿದ ಭಾಗವೆಲ್ಲ ಟಿಪ್ಪಣಿಯಾಗಿ ಅಚ್ಚಿನಿಂದ ಮಾಯವಾಗುತ್ತದೆ, ಬಹಳ ಸಲ ತಂತ್ರಾಂಶ ತಕರಾರನ್ನೂ ಹೇಳುವುದಿಲ್ಲ. ಅಂಗಡಿ ಪಾಠದಲ್ಲಿ '50 ಶೇಕಡಾ ರಿಯಾಯಿತಿ'ಯನ್ನು ಚಿಹ್ನೆಯಲ್ಲಿ ಬರೆದರೆ ರಿಯಾಯಿತಿಯೇ ಹೋಯಿತು! ಬಣ್ಣ ಬದಲಾದದ್ದು ಕಂಡರೆ ಆಗಲೇ ತಿಳಿಯುತ್ತದೆ.

ಬಣ್ಣಕ್ಕೆ ನಿಲುಕದ್ದು

ಇಷ್ಟಾದರೂ 'ಸಾಧನೆ'ಯ ಬದಲು 'ಸಾದನೆ', 'ಅಕ್ಕಿ'ಯ ಬದಲು 'ಹಕ್ಕಿ' ಬಂದರೆ ಈ ನಿಯಮಗಳಿಗೆ ಗೊತ್ತಾಗುವುದಿಲ್ಲ. ಎರಡೂ ಸರಿಯಾದ ಅಕ್ಷರಗಳೇ. ಅದಕ್ಕೆ ಮನುಷ್ಯರೇ ಬೇಕು. ಭಾನುವಾರ ಸಂಜೆ ಒಬ್ಬರು ಪದ ಓದುತ್ತಾರೆ, ಇನ್ನೊಬ್ಬರು ಪರದೆ ನೋಡುತ್ತಾರೆ. ಉತ್ತರ ಕರ್ನಾಟಕದವರು ಉಳ್ಳಾಗಡ್ಡಿ ಎಂದರೆ ಹಳೇ ಮೈಸೂರಿನವರು ಈರುಳ್ಳಿ ಎನ್ನುತ್ತಾರೆ; ಜಗಳ ಬೇಡವೆಂದು ಎರಡನ್ನೂ ಇಟ್ಟಿದ್ದೇವೆ. ಯಂತ್ರ ಹಿಡಿಯಬಹುದಾದ ತಪ್ಪುಗಳನ್ನು ಅದಕ್ಕೇ ಬಿಟ್ಟಿದ್ದರಿಂದ ಇಂಥ ಮಾತುಕತೆಗೆ ಬಿಡುವು ಸಿಕ್ಕಿದೆ. ನಿಮ್ಮೂರಲ್ಲೂ ಇಂಥದೊಂದು ಪುಸ್ತಕದ ಯೋಚನೆ ಇದ್ದರೆ ಮೊದಲು ಸೊನ್ನೆಯ ನಿಯಮ ಬರೆದುಕೊಳ್ಳಿ. ಅರ್ಧ ಗಂಟೆಯ ಕೆಲಸ, ಮುಂದಿನ ಪುಸ್ತಕಗಳಿಗೂ ಅದೇ ಸಾಕು.