ಮೊದಲ ಬಂದೂಕು ಕೊಳ್ಳುವ ಮುನ್ನ

ನಮ್ಮ ನಿಡಗುಂದಿ ಕಡೆಯಿಂದ ಕೃಷ್ಣಾ ನದಿ ದಾಟಿದರೆ ಬಾಗಲಕೋಟೆ ಜಿಲ್ಲೆ. ಅಲ್ಲಿನ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಗೆ ತಲೆಬಾಗದೆ, ಆಯುಧ ಒಪ್ಪಿಸಲಾರೆವೆಂದು ಕಾದಾಡಿ ಪ್ರಾಣ ತೆತ್ತರು. ಇಂದು ನಿಡಗುಂದಿ ತಾಲ್ಲೂಕಿನ ಗೊಳಸಂಗಿಯ ರೈತ ಬಂದೂಕು ಕೊಳ್ಳಬೇಕೆಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಪಡೆಯಲೇಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮಗಿಲ್ಲ. 21 ವರ್ಷ ತುಂಬಿರಬೇಕು, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಇರಬೇಕು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಕಲಿಯಲು ಒಳ್ಳೆಯ ಜಾಗ.

ಹೊಸಬರಿಗೆ ಹೊಂದುವುದು ನಡು ಬಾಗಿಸಿ ತೆರೆಯುವ 12 ಬೋರಿನ ಬಂದೂಕು. ಒಂಟಿ ನಳಿಗೆಯದಾದರೂ ಸರಿ, ಜೋಡು ನಳಿಗೆಯದಾದರೂ ಸರಿ. ತೆರೆದು ಹಿಡಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಎಂಬುದು ಪಕ್ಕದಲ್ಲಿ ನಿಂತವರಿಗೂ ಕಾಣುತ್ತದೆ. ಒಂದು ಪೌಂಡ್ ಸೀಸದಲ್ಲಿ ಒಂದೇ ಗಾತ್ರದ 12 ಗುಂಡು ಮಾಡಿದರೆ ಒಂದೊಂದರ ಅಡ್ಡಳತೆ ಎಷ್ಟಾಗುವುದೋ ಅದೇ ಈ ನಳಿಗೆಯ ಅಗಲ, ಸುಮಾರು 18.5 ಮಿ.ಮೀ. ತೀರಾ ಹಗುರ ಬಂದೂಕು ಆರಿಸಬೇಡಿ. ತೂಕ ಇಳಿದಷ್ಟೂ ಹೆಗಲಿಗೆ ಬೀಳುವ ಒದೆತ ಹೆಚ್ಚು. ಹಿಡಿಯ ಉದ್ದವೂ ನಿಮ್ಮ ತೋಳಿಗೆ ಹೊಂದಬೇಕು.

ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ನಳಿಗೆಯ ಅಡಿಭಾಗದ ಗುರುತು ಓದಿ. ತೋಟಾ ಕೂರುವ ಚೇಂಬರಿನ ಉದ್ದ ಅಲ್ಲಿರುತ್ತದೆ: 65, 70 ಅಥವಾ 76 ಮಿ.ಮೀ. ಹಳೆಯ ಬಂದೂಕುಗಳಲ್ಲಿ ಅದು ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. ಇರುವುದು ಸಾಮಾನ್ಯ. ಎಡವುವುದು ಇಲ್ಲಿಯೇ. ತೋಟಾದ ಮೇಲೆ ಬರೆದಿರುವುದು ಸಿಡಿದು ಬಾಯಿ ಬಿಚ್ಚಿದ ಮೇಲಿನ ಉದ್ದ. 70ರ ತೋಟಾ ಬಾಯಿ ಮಡಚಿಕೊಂಡಿರುವಾಗ 60 ಮಿ.ಮೀ. ಆಸುಪಾಸು ಇರುವುದರಿಂದ 65ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ. ಸಿಡಿದಾಗ ಮಾತ್ರ ಅದರ ಬಾಯಿ ಪೂರ್ತಿ ಬಿಚ್ಚಲು ಜಾಗ ಸಾಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಒಳಗೆ ಕೂತಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ. ಅದೇ ಬೋರಿನ ಗಿಡ್ಡ ತೋಟಾವನ್ನು ಉದ್ದ ಚೇಂಬರಿಗೆ ಹಾಕಬಹುದು. ಉದ್ದದ್ದನ್ನು ಗಿಡ್ಡ ಚೇಂಬರಿಗೆ ಹಾಕಲೇಬಾರದು. ಹೊಸದಾಗಿ ಕೊಳ್ಳುವವರಿಗೆ 70ರ ಚೇಂಬರ್, ಅದಕ್ಕೆ ಕಡಿಮೆ ಛರ್ರೆಯ (ಸಣ್ಣ ಗುಂಡುಗಳ) ತೋಟಾ ಸಾಕು. ಒಲಿಂಪಿಕ್ಸ್ ಟ್ರ್ಯಾಪ್ ಶೂಟಿಂಗಿನಲ್ಲೂ ಛರ್ರೆಯ ತೂಕ 24 ಗ್ರಾಂ ಮಾತ್ರ.

20 ಬೋರಿನ ತೋಟಾವನ್ನು 12ರ ಜತೆ ಒಂದೇ ಚೀಲದಲ್ಲಿ ಇಡಬೇಡಿ. ಅದು 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ತೋಟಾ ತುಂಬಿ ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. ಅಜ್ಜನ ಕಾಲದ ಬಂದೂಕು ಮನೆಯಲ್ಲಿದ್ದರೆ, ಬಲ್ಲ ಗನ್‌ಸ್ಮಿತ್ ಪರೀಕ್ಷಿಸಿ ಒಪ್ಪುವವರೆಗೆ ಹಾರಿಸಬೇಡಿ.

ಲೈಸೆನ್ಸ್ ಸಿಕ್ಕಿತೆಂದರೆ ಬೇಟೆಗೆ ಪರವಾನಗಿ ಸಿಕ್ಕಂತಲ್ಲ. ಹೊಲಕ್ಕೆ ನುಗ್ಗುವ ಚಿಗರಿಗೂ ಕಾಡುಹಂದಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬೆಳೆ ಹಾಳಾದರೆ ಮೊದಲು ಅರಣ್ಯ ಇಲಾಖೆಗೆ ದೂರು ಕೊಡಿ.

ತರಬೇತಿ ಮೊದಲು, ಲೈಸೆನ್ಸ್ ಆಮೇಲೆ, ಬಂದೂಕು ಕೊನೆಗೆ. ಈ ಕ್ರಮ ತಪ್ಪಿಸಬೇಡಿ. ಮನೆಗೆ ತಂದ ಮೇಲೆ ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಲಿ. ಎರಡರ ಕೀಲಿಯೂ ಮಕ್ಕಳ ಕೈಗೆ ಸಿಗದಿರಲಿ.