ಅನಲಾಗ್ ಗಣಕಗಳೂ ವಿದ್ಯುಚ್ಛಕ್ತಿಯ ಮಿತವ್ಯಯವೂ

ಕೃತಕ ಬುದ್ಧಿಮತ್ತೆಯೆಂಬ ಮಾತು ಈಗ ನಮ್ಮ ಶಾಲೆಯ ಕೆಳತರಗತಿಗಳಲ್ಲಿಯೂ ಕೇಳಿಬರುತ್ತದೆ. ಆದರೆ ಆ ಬುದ್ಧಿಗೆ ತಗಲುವ ವಿದ್ಯುಚ್ಛಕ್ತಿಯು ಎಷ್ಟು, ಅದು ಯಾವ ಕೆಲಸದಲ್ಲಿ ವ್ಯಯವಾಗುತ್ತದೆ ಎಂದು ವಿಚಾರಿಸುವವರು ವಿರಳ. ಕಿವಿಯ ಹಿಂದೆ ಧರಿಸುವ ಶ್ರವಣಯಂತ್ರ, ಕೈಗಡಿಯಾರ, ಹೊಲದಲ್ಲಿ ನೆಟ್ಟ ತೇವಮಾಪಕ ಮೊದಲಾದ, ಎಡ್ಜ್ ಉಪಕರಣಗಳೆಂದು ಕರೆಯಲ್ಪಡುವ ಚಿಕ್ಕ ಯಂತ್ರಗಳಿಗಂತೂ ಈ ಪ್ರಶ್ನೆಯೇ ಮುಖ್ಯವಾದದ್ದು. ಅವು ಸಣ್ಣದೊಂದು ಬ್ಯಾಟರಿಯಿಂದ ದಿನವಿಡೀ ನಡೆಯಬೇಕು. ಲೆಕ್ಕವನ್ನು ತಾವೇ ಮಾಡಲಾರದೆ ಹೋದರೆ, ಮನೆಯೊಳಗೆ ಆಡಿದ ಮಾತನ್ನು ದೂರದ ಗಣಕಕ್ಕೆ ಕಳುಹಿಸಿ ಉತ್ತರಕ್ಕಾಗಿ ಕಾದಿರಬೇಕು. ಮನೆಯ ಮಾತು ಹೀಗೆ ಪರರ ಉಗ್ರಾಣವನ್ನು ಸೇರುವುದು ನಮಗಂತೂ ಸಮ್ಮತವಲ್ಲ.

1945ರಲ್ಲಿ ಜಾನ್ ವಾನ್ ನ್ಯೂಮನ್ ಎಂಬ ಗಣಿತಜ್ಞರು ವಿವರಿಸಿದ ಕ್ರಮದಂತೆ, ಸಾಮಾನ್ಯ ಡಿಜಿಟಲ್ ಗಣಕದಲ್ಲಿ ಅಂಕೆಗಳನ್ನು ಇಡುವ ಸ್ಥಳ ಬೇರೆ, ಅವುಗಳನ್ನು ಗುಣಿಸಿ ಕೂಡಿಸುವ ಸ್ಥಳ ಬೇರೆ. ಕೃತಕ ನರಜಾಲದಲ್ಲಾದರೋ 'ತೂಕ'ಗಳೆಂಬ ಅಂಕೆಗಳು ಲಕ್ಷೋಪಲಕ್ಷವಾಗಿರುತ್ತವೆ. ಒಳಬಂದ ಅಂಕೆಗಳನ್ನು ಈ ತೂಕಗಳಿಂದ ಗುಣಿಸಿ ಗುಣಲಬ್ಧಗಳನ್ನು ಕೂಡಿಸುವುದೇ ಅದರ ಮುಖ್ಯ ಕೆಲಸ. ಬುದ್ಧಿಯೆಂದು ನಾವು ಬೆರಗಾಗುವುದು ಬಹುಮಟ್ಟಿಗೆ ಇಷ್ಟೇ. ಸ್ಟಾನ್‌ಫರ್ಡಿನ ಮಾರ್ಕ್ ಹೊರೊವಿಟ್ಸ್ ಅವರು 2014ರಲ್ಲಿ ಕೊಟ್ಟ ಲೆಕ್ಕದಿಂದ ತಿಳಿಯುವುದೇನೆಂದರೆ, 45 ನ್ಯಾನೊಮೀಟರ್ ಕ್ರಮದ ಚಿಪ್ಪಿನಲ್ಲಿ 32 ಬಿಟ್ಟಿನ ಒಂದು ಗುಣಾಕಾರಕ್ಕೆ ಸುಮಾರು 4 ಪಿಕೋಜೂಲ್ ಸಾಕು. ಅದೇ ಉದ್ದದ ಅಂಕೆಯನ್ನು ಹೊರಗಿನ ಸ್ಮೃತಿಕೋಶದಿಂದ ತರಿಸಲು ಸುಮಾರು 640 ಪಿಕೋಜೂಲ್ ಬೇಕು. (ಪಿಕೋಜೂಲ್ ಎಂದರೆ ಒಂದು ಜೂಲಿನ ಲಕ್ಷ ಕೋಟಿಯಲ್ಲೊಂದು ಪಾಲು.) ಅಡಿಗೆಗಿಂತಲೂ ಉಗ್ರಾಣಕ್ಕೆ ಹೋಗಿಬರುವ ದಣಿವೇ ಸುಮಾರು ನೂರರವತ್ತು ಪಾಲು ಹೆಚ್ಚಾದಂತಾಯಿತು!

ಹಾಗಾದರೆ ಅಂಕೆಯು ಇದ್ದಲ್ಲಿಯೇ ಗುಣಾಕಾರವು ನಡೆಯಬಾರದೇಕೆ? ಅನಲಾಗ್ ಯಂತ್ರದ ಮೂಲಭಾವವು ಇದೇ. ಓಮ್ ಎಂಬವರು 1827ರಲ್ಲಿ ಪ್ರಕಟಿಸಿದ ನಿಯಮವನ್ನು ಹತ್ತನೆಯ ತರಗತಿಯವರು ಬಲ್ಲರು. ತಂತಿಯ ವಾಹಕತೆಯನ್ನು ವೋಲ್ಟೇಜಿನಿಂದ ಗುಣಿಸಿದರೆ ಬರುವುದೇ ವಿದ್ಯುತ್ಪ್ರವಾಹ. ಅಂದರೆ, ವಾಹಕತೆಯನ್ನು ತೂಕವೆಂದೂ ವೋಲ್ಟೇಜನ್ನು ಒಳಬರುವ ಅಂಕೆಯೆಂದೂ ಇಟ್ಟುಕೊಂಡರೆ, ತಂತಿಯೇ ಗುಣಿಸಿಕೊಡುತ್ತದೆ; ಅಮ್ಮೀಟರಿನ ಮುಳ್ಳು ಉತ್ತರವನ್ನು ತೋರಿಸುತ್ತದೆ. ಇನ್ನು ಹಲವು ತಂತಿಗಳು ಒಂದೆಡೆ ಕೂಡಿದಾಗ, ಕಾಲುವೆಗಳ ನೀರು ಸೇರುವಂತೆ ಪ್ರವಾಹಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಇದು 1845ರಲ್ಲಿ ಕಿರ್ಕಾಫರು ಹೇಳಿದ ನಿಯಮ. ಅಡ್ಡತಂತಿಗಳನ್ನೂ ಉದ್ದತಂತಿಗಳನ್ನೂ ಜಾಲರಿಯಂತೆ ಹೆಣೆದು, ಸಂಧಿಸಂಧಿಗೂ ವಾಹಕತೆಯನ್ನು ಬದಲಿಸಬಹುದಾದ ಕಣವೊಂದನ್ನು ಇಟ್ಟರೆ, ಸಾವಿರಾರು ಗುಣಾಕಾರಗಳೂ ಸಂಕಲನಗಳೂ ಏಕಕಾಲದಲ್ಲಿ ಮುಗಿಯುತ್ತವೆ.

ಐಬಿಎಂ ಸಂಸ್ಥೆಯವರು 2023ರಲ್ಲಿ ವರ್ಣಿಸಿದ ಚಿಪ್ಪಿನಲ್ಲಿ ಇಂಥ ಮೂರೂವರೆ ಕೋಟಿ ಕಣಗಳಿದ್ದವು. ಕಾಯಿಸಿ ತಣಿಸಿದ ಬಗೆಗನುಸಾರವಾಗಿ ಗಾಜಿನಂತೆಯೂ ಹರಳಿನಂತೆಯೂ ಆಗುವ ದ್ರವ್ಯದಿಂದ ಅವು ಮಾಡಲ್ಪಟ್ಟಿದ್ದವು. ಮಾತನ್ನು ಗುರುತಿಸುವ ಕೆಲಸದಲ್ಲಿ ಅದು ಒಂದು ವಾಟಿಗೆ ಸೆಕೆಂಡಿಗೆ 12.4 ಲಕ್ಷ ಕೋಟಿ ಕ್ರಿಯೆಗಳವರೆಗೆ ಮಾಡಿತು.

ಇಷ್ಟು ಸುಲಭವಾಗಿದ್ದರೆ ಡಿಜಿಟಲ್ ಗಣಕಗಳು ಎಂದೋ ಮೂಲೆ ಸೇರುತ್ತಿದ್ದವು. ಅನಲಾಗ್ ಉತ್ತರವು ಸುಮಾರಾದದ್ದು. ಉಷ್ಣತೆ ಏರಿದರೆ ಅದು ಬದಲಾಗುತ್ತದೆ; ಇಂದು ಬರೆದಿಟ್ಟ ವಾಹಕತೆ ನಾಳೆ ತುಸು ಜಾರಿರುತ್ತದೆ. ಬ್ಯಾಂಕಿನ ಲೆಕ್ಕವನ್ನು ಇಂಥ ಯಂತ್ರಕ್ಕೆ ಒಪ್ಪಿಸಲಾಗದು. ಆದಾಗ್ಯೂ, ಕಿವಿ ಮಂದವಾದ ಮಗುವಿಗೆ ತರಗತಿಯ ಗದ್ದಲದಿಂದ ಉಪಾಧ್ಯಾಯಿನಿಯ ಸ್ವರವನ್ನು ಬೇರ್ಪಡಿಸಿಕೊಡಲು ಕಟ್ಟಕಡೆಯ ದಶಾಂಶವು ಬೇಕಿಲ್ಲ. ನರಜಾಲಗಳು ಸಣ್ಣ ತಪ್ಪುಗಳನ್ನು ಸಹಿಸಬಲ್ಲವು. ಇದು ಅವುಗಳ ಸದ್ಗುಣವೆಂದೇ ನಾವು ಎಣಿಸುತ್ತೇವೆ. ಇದಕ್ಕಿಂತ ಕಠಿನವಾದ ತೊಡಕು ಇನ್ನೊಂದುಂಟು: ಜಾಲರಿಯಿಂದ ಹೊರಬಂದ ಪ್ರವಾಹವನ್ನು ಪುನಃ ಅಂಕೆಗಳಾಗಿ ಪರಿವರ್ತಿಸಬೇಕು, ಆ ಪರಿವರ್ತಕಗಳೇ ಉಳಿತಾಯದ ಬಹುಪಾಲನ್ನು ನುಂಗಿಬಿಡುವುದುಂಟು. ಆದಕಾರಣ ಜಾಲರಿಯ ಮಿತವ್ಯಯವನ್ನು ಮಾತ್ರ ಹೊಗಳಿ ಪರಿವರ್ತಕದ ಖರ್ಚನ್ನು ಹೇಳದಿರುವ ಜಾಹೀರಾತುಗಳನ್ನು ನಮ್ಮ ವಿದ್ಯಾರ್ಥಿನಿಯರು ಎಚ್ಚರದಿಂದ ಓದಬೇಕು.

ಈ ಕಾರ್ಯದಲ್ಲಿ ಬೆಂಗಳೂರಿಗೂ ಪಾಲಿದೆ. ಡಿಜಿಟಲ್ ಚಿಪ್ಪಿನ ನಕ್ಷೆಯನ್ನು ಹೊಸ ತಲೆಮಾರಿನ ಟ್ರಾನ್ಸಿಸ್ಟರುಗಳಿಗೆ ಒಗ್ಗಿಸುವುದು ಅಷ್ಟು ಕಷ್ಟವಲ್ಲ. ಅನಲಾಗ್ ನಕ್ಷೆಯನ್ನಾದರೋ ಪ್ರತಿಸಲವೂ ಹೊಸದಾಗಿ ಹೊಂದಿಸಬೇಕು. ಈ ಅಡ್ಡಿಯನ್ನು ನಿವಾರಿಸುವ ವಿಧಾನವೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಚೇತನ್ ಸಿಂಗ್ ಠಾಕೂರ್ ಮತ್ತು ಅವರ ಸಂಗಡಿಗರು ರೂಪಿಸಿ, ಅದರಂತೆ ರಚಿಸಿದ ಆರ್ಯಭಟ-1 ಎಂಬ ಚಿಪ್ಪನ್ನು 2022ರಲ್ಲಿ ಪ್ರಕಟಪಡಿಸಿದರು. ಅದು ಉಷ್ಣತೆಯ ಏರಿಳಿತವನ್ನೂ ತಾಳಬಲ್ಲದು. ತರುವಾಯ 2024ರಲ್ಲಿ ಅದೇ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಮುಂತಾದವರು, ಅಣುಗಳ ತೆಳುಪೊರೆಯೊಂದರಲ್ಲಿ 16,500 ಬೇರೆ ಬೇರೆ ವಾಹಕತೆಯ ಮಟ್ಟಗಳನ್ನು ನಿಲ್ಲಿಸಿ ತೋರಿಸಿದರು. ಹೆಚ್ಚಿನ ಅನಲಾಗ್ ಕಣಗಳಲ್ಲಿ ಕೆಲವೇ ಮಟ್ಟಗಳು ನಿಲ್ಲುತ್ತಿದ್ದುದರಿಂದ ಉತ್ತರವು ಒರಟಾಗುತ್ತಿತ್ತು. ಈ ಪೊರೆಯ ನೆರವಿನಿಂದ ಅವರು, ಜೇಮ್ಸ್ ವೆಬ್ ದೂರದರ್ಶಕವು ಕಳುಹಿಸಿದ ಅಂಕೆಗಳಿಂದ 'ಸೃಷ್ಟಿಸ್ತಂಭ'ಗಳೆಂಬ ನಭೋಮಂಡಲದ ಚಿತ್ರವನ್ನು ಮೇಜಿನ ಮೇಲಿಡುವ ಗಣಕವೊಂದರಲ್ಲಿಯೇ ಪುನಃ ರಚಿಸಿದರು.