ದಡಾರ: ದದ್ದು ಇಳಿದ ಮೇಲೂ ಎಚ್ಚರ ಬೇಕು

ದಡಾರ ಮಕ್ಕಳಲ್ಲಿ ಜ್ವರ ಮತ್ತು ಮೈತುಂಬ ಕೆಂಪು ದದ್ದು ತರುವ ಸಾಂಕ್ರಾಮಿಕ ರೋಗ. ಕೆಲವೆಡೆ ಇದಕ್ಕೆ ಗೊಬ್ಬರ ಎನ್ನುತ್ತಾರೆ. ವೈದ್ಯರು ಹೇಳುವ ಮೀಸಲ್ಸ್ ಇದೇ. ಮೈಮೇಲೆ ಏನೇ ಎದ್ದರೂ ‘ಅಮ್ಮ ಬಂದಿದೆ’ ಎನ್ನುವ ರೂಢಿಯಿಂದಾಗಿ ದಡಾರವನ್ನೂ ಸೀತಾಳೆ ಸಿಡುಬನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಸೀತಾಳೆ ಸಿಡುಬಿನಲ್ಲಿ ಏಳುವುದು ನೀರು ತುಂಬಿದ ಗುಳ್ಳೆ. ದಡಾರದ ದದ್ದಿನಲ್ಲಿ ನೀರಿರುವುದಿಲ್ಲ; ಎರಡಕ್ಕೂ ಕಾರಣವಾದ ವೈರಸ್‌ಗಳೇ ಬೇರೆ.

ದಡಾರದ ವೈರಸ್ ಮನುಷ್ಯರಿಂದ ಮನುಷ್ಯರಿಗೆ ಗಾಳಿಯಲ್ಲಿ ಹರಡುತ್ತದೆ. ಕೆಮ್ಮಿದಾಗ, ಸೀನಿದಾಗ ಹೊರಬಿದ್ದ ವೈರಸ್ ರೋಗಿ ಎದ್ದುಹೋದ ಮೇಲೂ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿಯಬಲ್ಲದು. ಲಸಿಕೆ ಪಡೆಯದ, ಹಿಂದೆ ಈ ರೋಗ ಬಾರದ 10 ಮಂದಿ ರೋಗಿಯ ಹತ್ತಿರ ಇದ್ದರೆ ಅವರಲ್ಲಿ ಸುಮಾರು 9 ಮಂದಿಗೆ ತಗಲುತ್ತದೆ. ದದ್ದು ಕಾಣುವ ನಾಲ್ಕು ದಿನ ಮೊದಲಿನಿಂದ, ಕಂಡ ನಾಲ್ಕು ದಿನಗಳವರೆಗೆ ಇದು ಹರಡುತ್ತದೆ. ಹೀಗಾಗಿ ದದ್ದು ನೋಡಿ ಮಗುವನ್ನು ಬೇರೆ ಮಲಗಿಸುವ ಹೊತ್ತಿಗೆ ಅಂಗನವಾಡಿಯ, ವಠಾರದ ಮಕ್ಕಳಿಗೆ ಸೋಂಕು ದಾಟಿಯಾಗಿರಬಹುದು.

ವೈರಸ್ ಮೈಸೇರಿದ 10ರಿಂದ 14 ದಿನಗಳಲ್ಲಿ ಜ್ವರ ಶುರುವಾಗುತ್ತದೆ. ಜೊತೆಗೆ ಕೆಮ್ಮು, ಸುರಿಯುವ ಮೂಗು, ಕೆಂಪಗೆ ನೀರಾಡುವ ಕಣ್ಣು. ಬೆಳಕು ಕಂಡರೆ ಮಗು ಕಣ್ಣು ಮುಚ್ಚಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಕೆನ್ನೆಯ ಒಳಭಾಗದಲ್ಲಿ, ದವಡೆ ಹಲ್ಲುಗಳಿಗೆ ಎದುರಾಗಿ, ಕೆಂಪು ಅಂಚಿನ ಬಿಳಿ ಚುಕ್ಕೆಗಳು ಕಾಣಿಸಬಹುದು. ನೋಡಲು ಉಪ್ಪಿನ ಹರಳು ಅಂಟಿದಂತಿರುತ್ತವೆ. 1896ರಲ್ಲಿ ಇವುಗಳನ್ನು ವಿವರಿಸಿದವರು ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕೊಪ್ಲಿಕ್. ಇಂದಿಗೂ ಅವು ಕೊಪ್ಲಿಕ್ ಚುಕ್ಕೆಗಳೆಂದೇ ಪರಿಚಿತ. ಆಮೇಲೆ ಕಿವಿಯ ಹಿಂದೆ, ಕೂದಲಂಚಿನಲ್ಲಿ ದದ್ದು ಎದ್ದು, ಮುಖ, ಎದೆ, ಹೊಟ್ಟೆ ದಾಟಿ ಕಾಲಿನವರೆಗೆ ಇಳಿಯುತ್ತದೆ. ಜ್ವರ 104 ಡಿಗ್ರಿ ಮುಟ್ಟುವುದು ಈ ಹಂತದಲ್ಲಿ. ಐದಾರು ದಿನಗಳಲ್ಲಿ ದದ್ದು ಹುಟ್ಟಿದ ಕ್ರಮದಲ್ಲೇ ಕಂದಿ ಮಾಯವಾಗುತ್ತದೆ.

ಹೆಚ್ಚಿನ ಮಕ್ಕಳು ಇಷ್ಟಕ್ಕೆ ಚೇತರಿಸಿಕೊಳ್ಳುತ್ತಾರೆ. ಆದರೆ ದಡಾರದಿಂದ ಆಗುವ ಸಾವಿಗೆ ದದ್ದು ಕಾರಣವಲ್ಲ, ಅದರ ಬೆನ್ನಿಗೆ ಬರುವ ತೊಡಕುಗಳು ಕಾರಣ. ಭೇದಿ, ಕಿವಿ ಸೋರುವುದು ಸಾಮಾನ್ಯ. ಸುಮಾರು 20 ಮಕ್ಕಳಲ್ಲಿ ಒಬ್ಬರಿಗೆ ನ್ಯುಮೋನಿಯಾ, ಸಾವಿರಕ್ಕೆ ಒಬ್ಬರಿಗೆ ಮಿದುಳಿನ ಉರಿಯೂತ ಆಗುತ್ತದೆ. ಎ ಜೀವಸತ್ವ ಕಡಿಮೆಯಿರುವ ಮಕ್ಕಳಲ್ಲಿ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಹಿಂದಿನ ಕಾಯಿಲೆಗಳಿಂದ ಮಗುವಿನ ದೇಹ ಗಳಿಸಿಕೊಂಡಿದ್ದ ರೋಗನಿರೋಧಕ ಶಕ್ತಿಯನ್ನೂ ದಡಾರ ಅಳಿಸಿಹಾಕುತ್ತದೆ. ನೆದರ್ಲೆಂಡ್ಸ್‌ನ ಲಸಿಕೆ ಪಡೆಯದ ಮಕ್ಕಳ ರಕ್ತ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಡಾರ ಬಂದುಹೋದ ಮೇಲೆ ಅವರ ಹಳೆಯ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ನಾಶವಾಗಿದ್ದವು. ದಡಾರ ಬಂದು ಹೋದ ಮಗು ತಿಂಗಳುಗಟ್ಟಲೆ ಒಂದಲ್ಲ ಒಂದು ಕಾಯಿಲೆ ಬೀಳುವುದಕ್ಕೆ ಇದೂ ಒಂದು ಕಾರಣ.

ಈ ವೈರಸ್ಸನ್ನು ಕೊಲ್ಲುವ ಔಷಧವಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ಭೇದಿಯಿದ್ದರೆ ಓಆರ್‌ಎಸ್, ಕುಡಿಯಲು ಧಾರಾಳ ನೀರು, ಗಂಜಿ ಕೊಡಬೇಕು. ಆಸ್ಪಿರಿನ್ ಕೂಡದು. ಮುಖ್ಯವಾದದ್ದು ಎ ಜೀವಸತ್ವ: ಒಂದು ವರ್ಷ ದಾಟಿದ ಮಗುವಿಗೆ 2 ಲಕ್ಷ ಯೂನಿಟ್‌ನಂತೆ ಸತತ ಎರಡು ದಿನ, ಅದಕ್ಕಿಂತ ಚಿಕ್ಕವರಿಗೆ ಕಡಿಮೆ ಪ್ರಮಾಣದಲ್ಲಿ, ವೈದ್ಯರ ಸಲಹೆಯಂತೆ. ಅಮ್ಮ ಬಂದಿದೆ ಎಂದು ಔಷಧ ನಿಲ್ಲಿಸುವುದು, ಪಥ್ಯದ ಹೆಸರಿನಲ್ಲಿ ಊಟ ಕಡಿಮೆ ಮಾಡುವುದು ಅಪಾಯಕಾರಿ. ಎದೆಹಾಲು ನಿಲ್ಲಿಸಬಾರದು. ಬೇವಿನ ಸೊಪ್ಪು ಹಾಸಿದರೆ ತೊಂದರೆಯಿಲ್ಲ, ಆದರೆ ಅದು ಚಿಕಿತ್ಸೆಯಲ್ಲ. ಮಗು ಏದುಸಿರು ಬಿಟ್ಟರೆ, ಫಿಟ್ಸ್ ಬಂದರೆ, ಹಾಲು ಕುಡಿಯದೆ ಮಂಕಾದರೆ ಅಥವಾ ಕಣ್ಣು ಮಸುಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ತಡೆಯುವ ದಾರಿ ಲಸಿಕೆಯೊಂದೇ. ಅಮೆರಿಕದ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ 1954ರಲ್ಲಿ ಈ ವೈರಸ್ಸನ್ನು ಬೇರ್ಪಡಿಸಿದರು. 1963ರಲ್ಲಿ ಲಸಿಕೆಗೆ ಅನುಮತಿ ದೊರೆಯಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಅದು ಸೇರಿದ್ದು 1985ರಲ್ಲಿ. ರುಬೆಲ್ಲಾ ಲಸಿಕೆಯನ್ನೂ ಕೂಡಿಸಿದ ಎಂಆರ್ ಚುಚ್ಚುಮದ್ದಿನ ಅಭಿಯಾನ 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ಕಡೆ ಮೊದಲು ಆರಂಭವಾಯಿತು.

ಎಂಆರ್ ಮೊದಲ ಡೋಸ್ 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ. ಹುಟ್ಟಿದ ಕೂಡಲೇ ಕೊಡದಿರಲು ಕಾರಣವಿದೆ: ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ತಿಂಗಳುಗಳಲ್ಲಿ ಲಸಿಕೆಯನ್ನು ನಿಷ್ಫಲಗೊಳಿಸುತ್ತವೆ. ಪುಡಿರೂಪದ ಲಸಿಕೆಯನ್ನು ದ್ರಾವಣದಲ್ಲಿ ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಕಲಸಿದ ಹೊತ್ತನ್ನು ಸಿಸ್ಟರ್ ಸೀಸೆಯ ಮೇಲೆ ಬರೆಯುವುದು ಇದೇ ಕಾರಣಕ್ಕೆ. ಮೊದಲ ಡೋಸ್ ಸುಮಾರು ಶೇ 85 ಮಕ್ಕಳಿಗೆ ರಕ್ಷಣೆ ಕೊಟ್ಟರೆ, ಎರಡನೆಯದು ಉಳಿದವರಲ್ಲಿ ಹೆಚ್ಚಿನವರನ್ನೂ ಕಾಪಾಡುತ್ತದೆ.

ಒಂದು ಊರಿನಲ್ಲಿ ಶೇ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿದ್ದರೆ ಮಾತ್ರ ದಡಾರ ಹರಡುವುದು ನಿಲ್ಲುತ್ತದೆ. ಲಸಿಕೆ ತಪ್ಪಿದ ಮಕ್ಕಳು ಹೆಚ್ಚಿದ ಕಡೆ ಅದು ಮರಳುತ್ತದೆ. 2022ರಲ್ಲಿ ಮುಂಬಯಿಯ ಗೋವಂಡಿಯಂಥ ಜನನಿಬಿಡ ಬಡಾವಣೆಗಳಲ್ಲಿ ಆದದ್ದು ಇದೇ. ತಾಯಿ ಕಾರ್ಡಿನಲ್ಲಿ ಎಂಆರ್ ಎರಡನೇ ಡೋಸಿನ ಜಾಗ ಖಾಲಿಯಿದ್ದರೆ ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಆರೋಗ್ಯ ಕೇಂದ್ರವನ್ನೋ ಕೇಳಬೇಕು. ತಪ್ಪಿದ ಡೋಸನ್ನು ಐದು ವರ್ಷ ತುಂಬುವವರೆಗೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಹಾಕುತ್ತಾರೆ.